ಎರಡು ಬೆರಳು ಹೆಚ್ಚು

ಆ ಆಂಟಿ ನನ್ನ ಮಗನ ತಲೆಯನ್ನು ಅದುಮಲಿಲ್ಲ. ಅದುಮಿದರು ಎಂದು ಹೇಳಿದವನು ನಾನು. ಹೌದು ಎಂದು ತಲೆಯಾಡಿಸಿದವನು ನನ್ನ ಮಗ ಚಿನ್ಮಯ್ — ಆಗ ಅವನಿಗೆ ಎಂಟು ವರ್ಷ, ಕೇಳಿದವನು ಅವನ ಅಪ್ಪ. ಹತ್ತು ವರ್ಷದ ಹಿಂದಿನ ಮಾತು. ಯಾರೂ ಸಾಯಲಿಲ್ಲ, ಯಾರ ಕೈಕಾಲೂ ಮುರಿಯಲಿಲ್ಲ. ಒಂದು ಥೀಮ್ ಪಾರ್ಕಿನಲ್ಲಿ, ಒಂದು ರೈಡಿನ ಬಾಗಿಲಲ್ಲಿ, ಹತ್ತು ನಿಮಿಷದ ಜಗಳ ಅಷ್ಟೇ. ಇಷ್ಟು ಸಣ್ಣದನ್ನು ಇಷ್ಟು ವರ್ಷ ಯಾಕೆ ಹೊತ್ತು ತಿರುಗಬೇಕು ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಹೇಳಿಕೊಂಡು ಹೇಳಿಕೊಂಡು ಸಾಕಾಗಿದೆ.

ಊರು ಬಿಟ್ಟು ಬಂದು ನೆಲೆಸಿರುವ ಈ ದ್ವೀಪದೇಶದಲ್ಲಿ ನನ್ನ ಕೆಲಸ ಅಳತೆಯದು. ಟುವಾಸ್‌ನ ಒಂದು ಕಾರ್ಖಾನೆಯಲ್ಲಿ ಅಳತೆಯ ಸಾಧನಗಳನ್ನು ಪರೀಕ್ಷಿಸಿ, ಇದು ಸರಿಯಿದೆ ಇದು ಸರಿಯಿಲ್ಲ ಎಂದು ಸಹಿ ಹಾಕುವ ಎಂಜಿನಿಯರ್ ನಾನು. ನನ್ನ ಸಹಿಯಿಲ್ಲದೆ ಅಲ್ಲಿ ಒಂದು ಸ್ಕೇಲೂ ಬಳಕೆಗೆ ಇಳಿಯುವುದಿಲ್ಲ. ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಕೆಂಪು ಚೀಟಿ ಅಂಟಿಸಿ ಪಕ್ಕಕ್ಕಿಡುತ್ತೇನೆ. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲನೆಯವನು ನಾನು. ಇದನ್ನು ಜಂಬದಿಂದಲೇ ಹೇಳುತ್ತೇನೆ, ನಾಚಿಕೆಯಿಲ್ಲ. ಹಗಲೆಲ್ಲ ವರ್ಕ್‌ಶಾಪಿನಲ್ಲಿ ದುಡಿದು, ಸಂಜೆ ಕಾಲೇಜಿಗೆ ಹೋಗಿ, ಗಣಿತದಲ್ಲಿ ಎರಡು ಸಲ ಫೇಲಾಗಿ ಮೂರನೇ ಸಲ ಪಾಸಾಗಿ ತಂದದ್ದು ಅದು. ಯಾರೂ ಕೊಟ್ಟದ್ದಲ್ಲ.

ನನ್ನ ಅಪ್ಪ ಟೈಲರ್. ಕೆ.ಆರ್. ನಗರದಲ್ಲಿ ಒಂದು ಬಟ್ಟೆ ಅಂಗಡಿಯ ಜಗಲಿ ಮೇಲೆ ಮೆಷಿನ್ ಹಾಕಿಕೊಂಡು ಕೂರುತ್ತಿದ್ದರು. ಶಾಲೆ ಶುರುವಾಗುವ ಹೊತ್ತಿಗೆ ಊರಿನ ಅರ್ಧ ಮಕ್ಕಳು ಯೂನಿಫಾರ್ಮಿಗೆ ಅವರ ಮುಂದೆ ಸಾಲು ನಿಲ್ಲುತ್ತಿದ್ದರು. ಅಪ್ಪ ಟೇಪು ಹಿಡಿದು ಅಳೆದು, ಕೊನೆಗೆ ತೋರುಬೆರಳು ನಡುಬೆರಳು ಜೋಡಿಸಿ ಅಷ್ಟು ಹೆಚ್ಚಿಗೆ ಗುರುತು ಹಾಕಿಕೊಳ್ಳುತ್ತಿದ್ದರು. ತಾಯಂದಿರಿಗೆ ಒಂದೇ ಮಾತು: "ಬೆಳೆಯೋ ಮಗು ಕಣಮ್ಮ. ಎರಡು ಬೆರಳು ಒಳಗೆ ಮಡಚಿಟ್ಟಿದೀನಿ. ಬರೋ ವರ್ಷ ಬಿಚ್ಕೊಳಿ." ನಮ್ಮ ಕಡೆ ಬೆಳೆಯುವ ಮಕ್ಕಳಿಗೆ ಯಾರೂ ಸರಿಯಾದ ಅಳತೆಯ ಬಟ್ಟೆ ಹೊಲಿಸುವುದಿಲ್ಲ. ಚಡ್ಡಿ ಮಂಡಿ ಮುಚ್ಚಬೇಕು, ತೋಳು ಮೊಣಕೈ ದಾಟಬೇಕು. ಮಗು ಬಟ್ಟೆಯೊಳಕ್ಕೆ ಬೆಳೆಯಬೇಕು.

ಚಿನ್ಮಯ್ ಐದು ವರ್ಷದವನಿದ್ದಾಗ ಪುಂಗೋಲ್‌ನ ನಮ್ಮ ಫ್ಲ್ಯಾಟಿನಲ್ಲಿ ಅವನ ಕೋಣೆಯ ಬಾಗಿಲ ಚೌಕಟ್ಟಿಗೆ ಅವನನ್ನು ನಿಲ್ಲಿಸಿ ಪೆನ್ಸಿಲಿನಲ್ಲಿ ಗೆರೆ ಹಾಕಲು ಶುರುಮಾಡಿದೆ. ಮೂರು ತಿಂಗಳಿಗೊಂದು ಗೆರೆ. ಅವನು ಗಿಡ್ಡ. ನಾನೂ ಗಿಡ್ಡ — ಜೀವನವಿಡೀ ಗ್ರೂಪ್ ಫೋಟೋಗಳಲ್ಲಿ ಮುಂದಿನ ಸಾಲಿನಲ್ಲಿ ಕೂತವನು. ಒಂದು ಸಲ ಹೊಸ ಗೆರೆ ಹಳೆಯ ಗೆರೆಯ ಮೇಲೇ ಬಂದು ಕೂತಿತು. ಹುಡುಗ ತಿರುಗಿ ನೋಡಿ, "ಅಪ್ಪಾ, ನಾನು ಸ್ಟಾಪ್ ಆಗ್ಬಿಟ್ನಾ?" ಎಂದು ಅಳಲು ಶುರುಮಾಡಿದ. ನಾನು ನಕ್ಕೆ. "ಇಲ್ಲ ಮರಿ, ಅಪ್ಪ ಸರಿಯಾಗಿ ಹಿಡೀಲಿಲ್ಲ, ಇನ್ನೊಂದ್ಸಲ ನಿಂತ್ಕೋ" ಎಂದೆ. ಅವನ ತಲೆಯ ಮೇಲೆ ಸ್ಕೇಲಿಟ್ಟು, ಅದರ ಮೇಲೆ ಎರಡು ಬೆರಳಿಟ್ಟು, ಬೆರಳಿನ ಮೇಲೆ ಗೆರೆ ಎಳೆದೆ. ಅವನು ಕುಣಿದಾಡಿದ.

ಬೆಳೆಯುವ ಮಗು, ಹೇಗೂ ಅಲ್ಲಿಗೆ ಮುಟ್ಟುತ್ತಾನೆ ಅಂದುಕೊಂಡೆ. ಮುಟ್ಟಿದ ಕೂಡ. ಆದರೆ ಮುಟ್ಟುವ ಮೊದಲೇ ಮುಂದಿನ ಗೆರೆಯ ಹೊತ್ತಾಗಿತ್ತು. ಒಮ್ಮೆ ಏರಿಸಿದ್ದನ್ನು ಇಳಿಸುವುದು ಹೇಗೆ? ಇಳಿಸಿದರೆ ಮಗು ಕುಗ್ಗಿದ ಹಾಗೆ ಕಾಣುತ್ತದೆ. ಮತ್ತೆ ಎರಡು ಬೆರಳು. ಮತ್ತೆ. ಮೂರು ವರ್ಷ, ಪ್ರತಿ ಗೆರೆಗೂ ಎರಡು ಬೆರಳು. ಕೆಲಸದಲ್ಲಿ ಹೊಸದಾಗಿ ಸೇರಿದವರಿಗೆ ನಾನೇ ಪಾಠ ಹೇಳುತ್ತೇನೆ — ತಪ್ಪು ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಬಂದರೆ ಅದು ಕೈತಪ್ಪು. ಪ್ರತಿ ಸಲ ಒಂದೇ ಕಡೆಗೆ ಒಂದೇ ಅಳತೆಯಲ್ಲಿ ಬಂದರೆ ಅದು ಕೈತಪ್ಪಲ್ಲ, ಹುಡುಕಿ, ಕಾರಣ ಇದೆ ಎಂದು.

ಜೂನ್ ರಜೆಯ ಒಂದು ಶನಿವಾರ. ನಮ್ಮ ಬ್ಲಾಕಿನಲ್ಲೇ ಇರುವ ಉಡುಪಿ ಕಡೆಯ ಶೆಟ್ಟರು, ಅವರ ಮಗ ಪ್ರಣವ್, ನಾನು, ಚಿನ್ಮಯ್ — ನಾಲ್ಕೇ ಜನ ಹೊರಟೆವು. ನನ್ನ ಹೆಂಡತಿ ಸುಜಾತಾಗೆ ಆ ದಿನ ಆಫೀಸ್ ಇತ್ತು. ಶೆಟ್ಟರು ತಂಜಾಂಗ್ ಪಗಾರ್‌ನ ಒಂದು ಬ್ಯಾಂಕಿನಲ್ಲಿದ್ದಾರೆ; ಒಳ್ಳೆಯ ಮನುಷ್ಯ, ಬಾಯಿ ಮಾತ್ರ ಸುಮ್ಮನಿರುವುದಿಲ್ಲ. ಪ್ರಣವನೂ ಚಿನ್ಮಯನೂ ಒಂದೇ ಕ್ಲಾಸ್. ಇಬ್ಬರೂ ಒಂದು ತಿಂಗಳಿಂದ ಒಂದೇ ರೈಡಿನ ಮಾತು ಆಡುತ್ತಿದ್ದರು. ಅದಕ್ಕೆ ನೂರಿಪ್ಪತ್ತೆರಡು ಸೆಂಟಿಮೀಟರ್ ಎತ್ತರ ಬೇಕು. ನಮ್ಮ ಬಾಗಿಲ ಮೇಲಿನ ಕೊನೆಯ ಗೆರೆ ನೂರಿಪ್ಪತ್ತೆರಡೂವರೆ. ಹುಡುಗ ಹೊರಡುವ ಮುಂಚೆಯೂ ಅದನ್ನು ಮುಟ್ಟಿ ನೋಡಿಕೊಂಡು ಬಂದಿದ್ದ.

ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಎಂಆರ್‌ಟಿ ರೈಲಿನಲ್ಲಿ ಹೋಗುವಾಗ ಇಡೀ ದಾರಿ ಗೊತ್ತಿತ್ತು. ಶೂಸ್ ಹಾಕಿಕೊಂಡಿದ್ದಾನಲ್ಲ ಎಂದು ಲೆಕ್ಕ ಹಾಕುತ್ತಿದ್ದೆ. ಯಾರು ಅಷ್ಟು ನೋಡುತ್ತಾರೆ ಎಂದು — ನಾನೇ ಅಷ್ಟು ನೋಡುವ ಕೆಲಸದವನು, ಹಾಗಂದುಕೊಂಡೆ.

ರೈಡಿನ ಬಾಗಿಲಲ್ಲಿ ಅಳತೆಯ ಕಂಬ, ಕಂಬದ ಪಕ್ಕ ಆ ಆಂಟಿ. ಅರವತ್ತು ದಾಟಿದ ಚೀನೀ ಹೆಂಗಸು. ಅಗಲ ಅಂಚಿನ ಟೋಪಿ, ಬಿಸಿಲಿಗೆ ತೋಳಿಗೆ ಹಾಕಿಕೊಂಡ ಬಟ್ಟೆಯ ತೊಡುಗೆ, ಕೊರಳಲ್ಲಿ ನೀರಿನ ಬಾಟಲಿ. ಪ್ರಣವ್ ನಿಂತ, ಪಾಸಾದ, ಒಳಗೆ ಓಡಿ ತಿರುಗಿ ನಿಂತು ಕಾದ. ಚಿನ್ಮಯ್ ಆಂಟಿ ಹೇಳಿದಂತೆ ಶೂಸ್ ಬಿಚ್ಚಿ ನಿಂತ. ಆ ದಿನ ಬೆಳಿಗ್ಗೆ ಸುಜಾತಾ ಅವನ ಕೂದಲಿಗೆ ಜೆಲ್ ಹಚ್ಚಿ ಮೇಲಕ್ಕೆ ಬಾಚಿದ್ದಳು. ಆಂಟಿ ಅಂಗೈಯಿಂದ ಆ ಕೂದಲನ್ನು ಮೆಲ್ಲಗೆ ಕೆಳಗೆ ಮಲಗಿಸಿದರು. ಮಗುವಿನ ತಲೆ ನೇವರಿಸಿದ ಹಾಗೆ. ಕಂಬದ ಪಟ್ಟಿ ತಲೆಗೆ ತಾಗಲಿಲ್ಲ. ನಡುವೆ ಎರಡು ಬೆರಳು ಜಾಗವಿತ್ತು.

"ಬಾಯ್, ಲಿಟಲ್ ಬಿಟ್ ಓನ್ಲಿ," ಎಂದರು ಆಂಟಿ, ಮಾತಿನ ಕೊನೆಗೆ 'ಲಾ' ಸೇರಿಸುವ ಇಲ್ಲಿಯ ಇಂಗ್ಲಿಷಿನಲ್ಲಿ. "ನೆಕ್ಸ್ಟ್ ಇಯರ್ ಕಮ್ ಬ್ಯಾಕ್, ಓಕೆ? ಆಂಟಿ ಸ್ಟಿಲ್ ಹಿಯರ್ ಲಾ."

ಚಿನ್ಮಯ್ ಅಳಲಿಲ್ಲ. ಅಳುವ ಕಾರಣವೇ ಅವನಿಗೆ ಕಾಣಲಿಲ್ಲ. ನಗುತ್ತಲೇ ಹೇಳಿದ, "ನೋ ಆಂಟಿ, ಯುವರ್ಸ್ ಈಸ್ ರಾಂಗ್. ಮೈ ಡ್ಯಾಡ್ ಮೆಷರ್ಡ್. ಮೈ ಡ್ಯಾಡ್ಸ್ ಜಾಬ್ ಈಸ್ ಮೆಷರಿಂಗ್."

ಹಿಂದಿನಿಂದ ಶೆಟ್ಟರು ಜೋರಾಗಿ ನಕ್ಕರು. "ಏನು ಮಾರಾಯ್ರೆ, ಊರಿಗೆಲ್ಲ ಅಳತೆ ಸರ್ಟಿಫಿಕೇಟ್ ಕೊಡುವವರು ನೀವು, ಮನೆ ಅಳತೆಯೇ ತಪ್ಪಿತಾ?"

ತಮಾಷೆಗೆ ಅಂದದ್ದು. ಆದರೆ ಮಗ ನನ್ನ ಕಡೆ ತಿರುಗಿ ನೋಡಿದ. ಈ ಆಂಟಿಗೆ ಹೇಳಿ ಅಪ್ಪಾ — ಅಷ್ಟೇ ಇತ್ತು ಆ ನೋಟದಲ್ಲಿ, ಒಂದು ಚೂರೂ ಅನುಮಾನವಿಲ್ಲ. ಅಲ್ಲೇ ನಾನು, ಇಲ್ಲ ಮರಿ, ಅಪ್ಪ ಹೆಚ್ಚಿಗೆ ಹಾಕಿದ್ದೆ ಅನ್ನಬಹುದಿತ್ತು. ಒಂದು ಸಾಲು. ಹೇಳಿದ್ದರೆ ಅವನು ಅತ್ತು, ಐಸ್‌ಕ್ರೀಮ್ ತಿಂದು, ಮರೆತು —

ನಾನು ಕಂಬದ ಅಳತೆ ಸರಿಯಿದೆ ಎನ್ನುವ ಕ್ಯಾಲಿಬ್ರೇಶನ್ ಸರ್ಟಿಫಿಕೇಟ್ ತೋರಿಸಿ ಎಂದೆ.

ಆಂಟಿಗೆ ಅರ್ಥವಾಗಲಿಲ್ಲ. "ಸರ್ಟಿಫಿಕೇಟ್? ದಿಸ್ ಒನ್ ಪೋಲ್ ಓನ್ಲಿ, ಸರ್." ಅಲ್ಲಿಯವರೆಗೆ ಅಂಕಲ್ ಆಗಿದ್ದವನು ಸರ್ ಆದೆ. ನನಗೆ ಅದು ಹಿತವಾಗಿತ್ತು — ಇದನ್ನೂ ಬರೆಯಲೇಬೇಕು. ಕೌಂಟರುಗಳ ಮುಂದೆ, ಗುಮಾಸ್ತರ ಮುಂದೆ, ಇಂಗ್ಲಿಷ್ ಬರುವವರ ಮುಂದೆ ತಲೆ ತಗ್ಗಿಸಿ ನಿಂತೇ ನಾನು ಬೆಳೆದದ್ದು. ಆ ದಿನ ನನ್ನ ಇಂಗ್ಲಿಷ್ ನೀರಿನಂತೆ ಹರಿಯಿತು. ನೆಲ ಸಮವಾಗಿಲ್ಲ ಎಂದೆ. ಕಡೇ ಸಲ ಪರೀಕ್ಷಿಸಿದ್ದು ಯಾವಾಗ ಎಂದೆ. ಕಂಪನಿಯ ಕಾರ್ಡ್ ತೆಗೆದು ತೋರಿಸಿದೆ. ಆ ಹೆಂಗಸಿಗೆ ಇಂಗ್ಲಿಷ್ ನನ್ನಷ್ಟು ಬರುತ್ತಿರಲಿಲ್ಲ. ಗೊತ್ತಿದ್ದೇ ಇನ್ನೂ ವೇಗವಾಗಿ ಮಾತಾಡಿದೆ.

ಹಿಂದೆ ಸಾಲು ಬೆಳೆಯಿತು. ಒಬ್ಬ ಸೂಪರ್‌ವೈಸರ್ ಬಂದ. ಮರ್ಯಾದಸ್ಥ. ಬೇರೆ ಅಳತೆಗೋಲು ತರಿಸಿ, ಚಿನ್ಮಯನನ್ನು ಸಮ ನೆಲದಲ್ಲಿ ನಿಲ್ಲಿಸಿ, ತಾನೇ ಅಳೆದ. ಅದೇ ಎರಡು ಬೆರಳು ಕಡಿಮೆ. ಶೆಟ್ಟರು ಈಗ ನಗುತ್ತಿರಲಿಲ್ಲ. ಅದು ಇನ್ನೂ ಕಷ್ಟವಾಯಿತು. ಮಗನ ಮುಖ ಸಣ್ಣಗಾಗುತ್ತ ಬಂತು. ಆಗ ನನ್ನ ಬಾಯಿಂದ ಅದು ಬಂತು. ಹುಡುಗ ಹೆದರಿದ್ದಾನೆ, ಹೆದರಿ ಕುತ್ತಿಗೆ ಒಳಗೆ ಎಳೆದುಕೊಂಡಿದ್ದಾನೆ, ಯಾಕೆಂದರೆ ಈಕೆ ಅವನ ತಲೆ ಹಿಡಿದು ಕೆಳಕ್ಕೆ ಅದುಮಿದಳು ಎಂದೆ.

ಸೂಪರ್‌ವೈಸರ್ ಆಂಟಿಯ ಕಡೆ ನೋಡಿದ. ಆಂಟಿ ನನ್ನ ಕಡೆ ನೋಡಲೇ ಇಲ್ಲ. ಮಗನ ಮುಂದೆ ಮಂಡಿ ಬಗ್ಗಿಸಿ ಅವನ ಮುಖಕ್ಕೆ ಮುಖ ಕೊಟ್ಟು ಕೇಳಿದರು: "ಬಾಯ್. ಆಂಟಿ ಪ್ರೆಸ್ ಯುವರ್ ಹೆಡ್, ಆಹ್?"

ಅವನು ನನ್ನ ಕಡೆ ನೋಡಿದ.

ನಾನು ಕನ್ನಡದಲ್ಲಿ — ಅಲ್ಲಿ ಶೆಟ್ಟರನ್ನು ಬಿಟ್ಟರೆ ಯಾರಿಗೂ ಅರ್ಥವಾಗದ ಭಾಷೆಯಲ್ಲಿ — ಕೇಳಿದೆ, "ಅದುಮಿದ್ರು ತಾನೇ, ಚಿನ್ನೂ? ಹೆದರ್ಕೋಬೇಡ, ಹೇಳು."

ಅವನು ತಲೆಯಾಡಿಸಿದ. ಒಂದೇ ಸಲ.

ಆಂಟಿ ಎದ್ದು ನಿಂತರು. ಕೈಯಲ್ಲಿದ್ದ, ಜನರನ್ನು ಎಣಿಸುವ ಕೌಂಟರ್ ಯಂತ್ರವನ್ನು ಸೂಪರ್‌ವೈಸರ್ ಕೈಗಿಟ್ಟು, ಅವನು ತೋರಿಸಿದ ಕಡೆ ನಡೆದರು. ಸೂಪರ್‌ವೈಸರ್ ಕ್ಷಮೆ ಕೇಳಿದ; ಈ ರೈಡಿಗೆ ಬಿಡಲಾಗದು, ನಿಯಮ ನಿಯಮವೇ, ಆದರೆ ಬೇರೆ ಯಾವುದಕ್ಕಾದರೂ ಸಾಲಿಲ್ಲದೆ ಹೋಗಬಹುದು ಎಂದು ಚೀಟಿ ಕೊಟ್ಟ. ಲಿಖಿತವಾಗಿ ದೂರು ಕೊಡುತ್ತೀರಾ ಎಂದು ಕೇಳಿದ. ಬೇಡ ಅನ್ನಬಹುದಿತ್ತು. ಅದು ಎರಡನೇ ಅವಕಾಶ. ನಾನು ಬ್ಯಾಡ್ಜಿನಲ್ಲಿ ನೋಡಿಟ್ಟುಕೊಂಡಿದ್ದ ಹೆಸರನ್ನು ಅಕ್ಷರ ಅಕ್ಷರ ಸರಿಯಾಗಿ ಬರೆದು, ಕೆಳಗೆ ಸಹಿ ಹಾಕಿದೆ. ಕೆಲಸದಲ್ಲಿ ಹಾಕುವ ಅದೇ ಸಹಿ.

ಪ್ರಣವ್ ಕೂತ ಆ ರೈಡು ನಮ್ಮ ತಲೆಯ ಮೇಲೆ ಕಿರುಚುತ್ತ ಹೋಯಿತು. ಭುಜದ ಮೇಲೆ ಇಳಿದು ಎದೆಗೆ ಕೂರುವ ಆ ಕಬ್ಬಿಣದ ತೋಳನ್ನು ನಾನು ಕೆಳಗಿನಿಂದ ನೋಡಿದೆ. ಎರಡು ಬೆರಳು ಗಿಡ್ಡ ಇರುವ ಮಗುವಿಗೆ ಅದು ಎಲ್ಲಿ ಕೂರುತ್ತದೆ ಎಂದು ಎಂಜಿನಿಯರ್ ಆದವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನನ್ನ ಮಗನನ್ನು ಅಲ್ಲಿ ಕಾಯುತ್ತಿದ್ದವರು ಒಬ್ಬರೇ. ಅವರನ್ನೇ ನಾನು ಅಲ್ಲಿಂದ ಏಳಿಸಿದ್ದೆ.

ಮಧ್ಯಾಹ್ನ ಅವರನ್ನು ಮತ್ತೊಮ್ಮೆ ಕಂಡೆವು. ನೆರಳಿಲ್ಲದ ಜಾಗದಲ್ಲಿ ಮಕ್ಕಳ ತಳ್ಳುಗಾಡಿಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ನಾನು ದಾರಿ ಬದಲಿಸಿದೆ. ಚಿನ್ಮಯ್ ತಿರುಗಿ ತಿರುಗಿ ನೋಡುತ್ತ ಬಂದ. ಆ ಚೀಟಿಯನ್ನು ಅವನು ಯಾವ ರೈಡಿಗೂ ಬಳಸಲಿಲ್ಲ; ಹೊಟ್ಟೆನೋವು ಎಂದ. ಶೆಟ್ಟರಿಗೆ ಏನು ಅನ್ನಿಸಿತೋ, ಅವರು ಅಂದೂ ಕೇಳಲಿಲ್ಲ, ಮುಂದೆಯೂ ಕೇಳಲಿಲ್ಲ. ಸ್ನೇಹ ಅಂದರೆ ಕೆಲವೊಮ್ಮೆ ಅಷ್ಟೇ.

ಮನೆಗೆ ಬಂದು ಸುಜಾತಾಗೆ ಹೇಳಿದ್ದು ನನ್ನ ಕಥೆ. ಅವಳು ನಂಬಿದಳು. ನಂಬಿದ್ದಲ್ಲದೆ ಅದನ್ನು ಎತ್ತಿಕೊಂಡಳು. ದೀಪಾವಳಿಗೆ ಜನ ಸೇರಿದರೆ, ಊರಿಂದ ನೆಂಟರು ಬಂದರೆ, ಅವಳ ಬಾಯಲ್ಲಿ ಅದು ವರ್ಷ ವರ್ಷ ಬೆಳೆಯಿತು: "ನಮ್ಮ ಯಜಮಾನ್ರು ಸುಮ್ನೆ ಇರೋರಲ್ಲ ಗೊತ್ತಾ? ಮಗೂನ ತಲೆ ಮುಟ್ಟಿದಳು ಅಂತ ಆ ಪಾರ್ಕಿನೋರ ಹತ್ರ ಸರ್ಟಿಫಿಕೇಟ್ ಕೇಳಿ ಬೆವರಿಳಿಸಿಬಿಟ್ರು!" ಎಲ್ಲರೂ ನಗುತ್ತಾರೆ. ನಾನು ಬಿಡು ಬಿಡು ಎಂದು ಕೈಯಾಡಿಸುತ್ತೇನೆ. ಅಷ್ಟು ಹೊತ್ತಿಗೆ ಚಿನ್ಮಯ್ ತಟ್ಟೆ ತೆಗೆದುಕೊಂಡು ತನ್ನ ಕೋಣೆಗೆ ಎದ್ದು ಹೋಗಿರುತ್ತಾನೆ. ಪ್ರತಿ ಸಲ. ಈ ವಯಸ್ಸಿನ ಮಕ್ಕಳೇ ಹಾಗೆ ಎಂದು ಸುಜಾತಾ ಅನ್ನುತ್ತಾಳೆ. ಎಂಟರಲ್ಲೂ ಹಾಗೇ ಅಂದಳು, ಹದಿನಾರರಲ್ಲೂ ಹಾಗೇ ಅಂದಳು.

ಆ ಶನಿವಾರದ ನಂತರ ಅವನು ಬಾಗಿಲ ಚೌಕಟ್ಟಿಗೆ ನಿಲ್ಲಲಿಲ್ಲ. ಕರೆದರೆ ಹೋಮ್‌ವರ್ಕ್ ಇದೆ ಎನ್ನುತ್ತಿದ್ದ. ಕೆಲವು ವಾರಗಳ ಮೇಲೆ ಶಾಲೆಯಲ್ಲಿ ಆರೋಗ್ಯ ತಪಾಸಣೆ ಮಾಡಿ ಎತ್ತರ ತೂಕ ಬರೆದ ಪುಸ್ತಕ ಕಳಿಸಿದರು, ಪೋಷಕರ ಸಹಿಗೆ. ನೂರ ಹತ್ತೊಂಬತ್ತು. ಅವನು ಅದನ್ನು ಊಟದ ಮೇಜಿನ ಮೇಲೆ ತೆರೆದಿಟ್ಟು ನಿಂತಿದ್ದ. ಅದು ಮೂರನೇ ಅವಕಾಶ. ನಾನು ಸಹಿ ಹಾಕಿ ಮುಚ್ಚಿ ಕೊಟ್ಟೆ. ಅವನು ತೆಗೆದುಕೊಂಡು ಹೋದ. ಎಂಟು ವರ್ಷದ ಮಗುವಿಗೆ ಅಪ್ಪ ಏನು ಎಂದು ಗೊತ್ತಾಗಲು ಎಷ್ಟು ಹೊತ್ತು ಬೇಕೋ — ಅಷ್ಟು ಹೊತ್ತು ಅವನು ಆ ಮೇಜಿನ ಬಳಿ ನಿಂತಿದ್ದ.

ಇಲ್ಲಿ ಗಂಡುಮಕ್ಕಳು ಓದು ಮುಗಿಸಿದ ಮೇಲೆ ಎರಡು ವರ್ಷ ಸೈನ್ಯದ ಸೇವೆಗೆ ಹೋಗಬೇಕು. ಅದಕ್ಕೆ ಮೊದಲು ವೈದ್ಯಕೀಯ ಪರೀಕ್ಷೆ. ಕೆಲವು ತಿಂಗಳ ಹಿಂದೆ ಚಿನ್ಮಯ್ ಅದಕ್ಕೆ ಹೋಗಿ ಬಂದ. ಊಟಕ್ಕೆ ಕೂತಿದ್ದೆವು, ನಾವಿಬ್ಬರೇ. "ಒನ್ ಸಿಕ್ಸ್ಟಿ ಸಿಕ್ಸ್," ಎಂದ, ಕೇಳದೆಯೇ. ನನಗಿಂತ ಎತ್ತರ. ಒಳ್ಳೇದಾಯ್ತು ಎಂದೆ. ಅನ್ನ ಕಲಸುತ್ತ, ತಲೆಯೆತ್ತದೆ ಹೇಳಿದ:

"ಅಲ್ಲಿ ಮೆಷರ್ ಮಾಡೋ ಅಂಕಲ್ ನನ್ನ ಕೂದಲು ಹೀಗೆ ಫ್ಲ್ಯಾಟ್ ಮಾಡಿದ್ರು. ಸೇಮ್, ಆ ಆಂಟಿ ಮಾಡಿದ ಹಾಗೇ." ಆಮೇಲೆ, "ಅವ್ರು ಪ್ರೆಸ್ ಮಾಡಿರ್ಲಿಲ್ಲ ಅಪ್ಪಾ. ಯು ನೋ ದಟ್, ರೈಟ್?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ದೊಡ್ಡವರ ಜೊತೆ ಹೀಗಾ ಮಾತಾಡೋದು ಅಂತ ಶುರುಮಾಡಬಹುದಿತ್ತು. ಅವನು ಸುಮ್ಮನೆ ಕೇಳಿದ. ಹತ್ತು ವರ್ಷ ಕಾದು, ದಣಿದು, ಒಂದು ಸಲ ಕೇಳಿದ.

"ಸಾರು ಆರುತ್ತೆ, ಊಟ ಮಾಡು," ಎಂದೆ ನಾನು.

ಅವನು ಊಟ ಮಾಡಿದ. ತಟ್ಟೆ ತೊಳೆದಿಟ್ಟು ಹೋದ.

ಮರುದಿನ ಪಾರ್ಕಿನವರಿಗೆ ಪತ್ರ ಬರೆದೆ, ನನ್ನ ದೂರು ಸುಳ್ಳು ಎಂದು. ಕಂಪನಿಗೆ ಬರೆಯುವುದು ಸುಲಭ, ಮಗನಿಗೆ ಹೇಳುವುದಕ್ಕಿಂತ. ಅಷ್ಟು ಹಳೆಯ ದಾಖಲೆ ನಮ್ಮಲ್ಲಿಲ್ಲ, ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ ಎಂದು ಉತ್ತರ ಬಂತು. ರಜೆ ಹಾಕಿ ಒಂದು ದಿನ ನಾನೇ ಹೋದೆ. ಅದೇ ರೈಡು, ಕಂಬದ ಪಕ್ಕ ಬೇರೊಬ್ಬಳು ಹುಡುಗಿ. ಆಂಟಿಯ ಹೆಸರು ಹೇಳಿ ಕೇಳಿದೆ, ಅವಳಿಗೆ ಗೊತ್ತಿರಲಿಲ್ಲ. ಜೇಬಿನಲ್ಲಿ ಆಫೀಸಿನ ಸ್ಟೀಲ್ ಟೇಪು ಇತ್ತು. ಸಾಲು ಖಾಲಿಯಿದ್ದಾಗ ಕಂಬಕ್ಕೆ ಹಿಡಿದು ನೋಡಿದೆ. ಹುಡುಗಿ ನಕ್ಕಳು: "ಅಂಕಲ್, ಯು ಪಾಸ್ ಲಾ, ಡೋಂಟ್ ವರಿ!"

ನೂರಿಪ್ಪತ್ತೆರಡು. ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ.

ಅಪ್ಪನನ್ನು ಈ ನಡುವೆ ತುಂಬ ನೆನೆಯುತ್ತೇನೆ. ನನ್ನ ತಪ್ಪಿಗೆ ಅವರ ಎರಡು ಬೆರಳನ್ನು ಸಾಕ್ಷಿಗೆ ಕರೆದು ಕೂತಿದ್ದೆ, ಬಹಳ ಕಾಲ. ಅವರಿಂದ ಕಲಿತದ್ದೇ ಅಲ್ಲವೇ ಎಂದು. ಅಲ್ಲ. ಅಪ್ಪ ಮಡಚಿಟ್ಟದ್ದು ಬಟ್ಟೆ. ಬಿಚ್ಚಿದರೆ ಅಲ್ಲಿ ಬಟ್ಟೆ ಇರುತ್ತಿತ್ತು, ಮತ್ತು ಅವರು ಅದನ್ನು ಹೇಳಿಯೇ ಕೊಡುತ್ತಿದ್ದರು. ನಾನು ಮಡಚಿಟ್ಟದ್ದನ್ನು ಬಿಚ್ಚಿದರೆ ಒಳಗೆ ಏನೂ ಇರಲಿಲ್ಲ. ಓದದ ಟೈಲರ್ ಒಬ್ಬರಿಗೆ ಇದ್ದ ಅಳತೆಯ ನಿಯತ್ತು, ಡಿಗ್ರಿ ತಂದ ಮಗನಿಗೆ ಇರಲಿಲ್ಲ.

ಆ ಆಂಟಿಯ ಹೆಸರು ನನಗೆ ಇವತ್ತಿಗೂ ಗೊತ್ತು. ಇಲ್ಲಿ ಬರೆಯುವುದಿಲ್ಲ. ಒಮ್ಮೆ ಬರೆದದ್ದು ಸಾಕು. ಅವರ ಕೆಲಸ ಹೋಯಿತೋ, ಉಳಿಯಿತೋ, ಮುಂದಿನ ವರ್ಷ ಅವರು ಅಲ್ಲಿ ಇದ್ದರೋ ಇಲ್ಲವೋ ಗೊತ್ತಿಲ್ಲ. ಹೋಗಿ ನೋಡುವ ಧೈರ್ಯ ಆಗ ಮಾಡಲಿಲ್ಲ, ಈಗ ಮಾಡಿದರೆ ಅವರಿಲ್ಲ. ಅದನ್ನು ಸರಿಮಾಡುವುದು ನನ್ನ ಕೈಯಲ್ಲಿ ಇನ್ನಿಲ್ಲ.

ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಚಿನ್ಮಯ್‌ಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಅಂದು ಯಾರಿಗೂ ತಿಳಿಯದಿರಲಿ ಎಂದು ಅವನ ಕಿವಿಗೆ ಕನ್ನಡ ಊದಿದವನು, ಇಂದು ಅವನಿಗೇ ತಿಳಿಯದ ಹಾಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬರೆದು ಇಲ್ಲಿಯವರೆಗೆ ಬಂದ ಮೇಲೆ ಅದು ಕಾಣುತ್ತಿದೆ. ಆದ್ದರಿಂದ ಇದು ಸಾಲದು.

ಮುಂದಿನ ವಾರ ಅವನು ಸೈನ್ಯಕ್ಕೆ ಹೊರಡುತ್ತಾನೆ. ಈ ಶನಿವಾರ ಬೀಳ್ಕೊಡಲು ಮನೆಯಲ್ಲಿ ಊಟ. ಶೆಟ್ಟರು ಬರುತ್ತಾರೆ, ಪ್ರಣವ್ ಬರುತ್ತಾನೆ, ಇನ್ನೂ ನಾಲ್ಕು ಮನೆಯವರು. ಪಾಯಸದ ಹೊತ್ತಿಗೆ ಸುಜಾತಾ ಖಂಡಿತ ಆ ಕಥೆ ತೆಗೆಯುತ್ತಾಳೆ, "ನಮ್ಮ ಯಜಮಾನ್ರು ಸುಮ್ನೆ ಇರೋರಲ್ಲ" ಎಂದು. ಸುಳ್ಳು ಹೇಳಿದ್ದು ಸಾಲಿನಲ್ಲಿ ನಿಂತ ಅಷ್ಟು ಜನರ ಮುಂದೆ. ನಿಜವನ್ನು ಕೋಣೆಯ ಬಾಗಿಲು ಹಾಕಿಕೊಂಡು ಹೇಳಿದರೆ ಅಳತೆ ಸರಿಹೋಗುವುದಿಲ್ಲ. ಅವಳನ್ನು ತಡೆದು ನಾನೇ ಹೇಳುತ್ತೇನೆ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಆಂಟಿ ಅದುಮಲಿಲ್ಲ, ನಾನು ಹೇಳಿಸಿದೆ, ನನ್ನ ಮಗ ತಲೆಯಾಡಿಸಿದ್ದು ನನಗೋಸ್ಕರ ಎಂದು.

ಬೇಗ ಹೇಳಬೇಕು. ಅವನು ತಟ್ಟೆ ತೆಗೆದುಕೊಂಡು ಏಳುವ ಮೊದಲು.